ಮಕ್ಕಳ ಸಿನಿಮಾದಲ್ಲಿ ದೊಡ್ಡವರಿಗೇನು ಕೆಲಸ? ‘ಇನ್‌ಸೈಡ್ ಔಟ್’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸಿನಿಮಾವನ್ನು ಏಳೆಂಟು ಸಲ ನೋಡಿದ್ದೇನೆ. ಮೊದಲ ಸಲ ಮಗಳಿಗೋಸ್ಕರ. ಆಮೇಲಿನದೆಲ್ಲ ನನಗೋಸ್ಕರವೇ, ಹೆಸರಿಗೆ ಮಾತ್ರ ಮಗಳು. ಮನೆಗೆ ಬಂದ ನೆಂಟರಿಗೆ, ಆಫೀಸಿನ ಗೆಳೆಯರಿಗೆ, ಒಂದು ಸಲ ಸುಮ್ನೆ ಕಾಫಿ ಕುಡಿದು ಹೋಗೋಣ ಅಂತ ಬಂದಿದ್ದ ನಮ್ಮ ಭಾವನಿಗೂ ಕೂರಿಸಿ ತೋರಿಸಿದ್ದೇನೆ. ನೋಡಿದವರೆಲ್ಲ ಹೆಚ್ಚುಕಡಿಮೆ ಅವೇ ಪ್ರಶ್ನೆ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೆ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಕಾರ್ಟೂನ್ ಅಲ್ವಾ? ನಾನ್ಯಾಕೆ ನೋಡಲಿ?

ಕಾರ್ಟೂನೇ. ಪಿಕ್ಸಾರ್ ಸ್ಟುಡಿಯೋದವರು 2015ರಲ್ಲಿ ಮಾಡಿದ್ದು. ಒಂದೂವರೆ ಗಂಟೆ ಚಿಲ್ಲರೆ. ಮಾರನೇ ವರ್ಷ ಅನಿಮೇಷನ್ ಚಿತ್ರಕ್ಕೆ ಕೊಡುವ ಆಸ್ಕರ್ ಕೂಡ ಬಂತು.

ಆದರೆ ಈ ಕಥೆ ಹುಟ್ಟಿದ್ದು ಒಬ್ಬ ಅಪ್ಪನ ತಲೆನೋವಿನಿಂದ. ನಿರ್ದೇಶಕ ಪೀಟ್ ಡಾಕ್ಟರ್ (ಹೆಸರಷ್ಟೇ ಡಾಕ್ಟರ್) ಅವರ ಮಗಳು ಚಿಕ್ಕವಳಿದ್ದಾಗ ಬಹಳ ಚೂಟಿ. ಅಪ್ಪನ 2009ರ ಸಿನಿಮಾದಲ್ಲಿ ಒಂದು ಪುಟ್ಟ ಹುಡುಗಿಗೆ ದನಿ ಕೊಟ್ಟವಳೂ ಅವಳೇ. ಹನ್ನೊಂದು ತುಂಬುವ ಹೊತ್ತಿಗೆ ಮಾತು ಕಡಿಮೆಯಾಯಿತು, ತನ್ನ ಪಾಡಿಗೆ ತಾನಿರತೊಡಗಿದಳು. ಇವಳ ತಲೆಯೊಳಗೆ ಏನು ನಡೀತಿದೆಯಪ್ಪಾ ಅಂತ ಅಪ್ಪ ಯೋಚಿಸಿದ್ದೇ ಸಿನಿಮಾ ಆಯಿತು. ಮಕ್ಕಳು ಬಾಗಿಲು ಹಾಕಿಕೊಂಡು ಕೂತಾಗ ಹೊರಗೆ ನಿಂತು, ತಟ್ಟಲೋ ಬೇಡವೋ ಅಂತ ಕೈ ಎತ್ತಿ ಇಳಿಸಿದವರಿಗೆ ಇದು ಕಾರ್ಟೂನ್ ಅನ್ನುವುದು ಹತ್ತು ನಿಮಿಷದಲ್ಲಿ ಮರೆತುಹೋಗುತ್ತದೆ.

ಕಥೆ ಏನು? ಚುಟುಕಾಗಿ ಹೇಳಿ.

ರೈಲಿ ಅಂತ ಹನ್ನೊಂದು ವರ್ಷದ ಹುಡುಗಿ. ಅಮೆರಿಕದ ಮಿನೆಸೋಟದಲ್ಲಿ ಐಸ್ ಹಾಕಿ ಆಡಿಕೊಂಡು, ಮೆಗ್ ಅನ್ನುವ ಗೆಳತಿಯ ಜೊತೆ ಆರಾಮಾಗಿದ್ದವಳು. ಅಪ್ಪನ ಹೊಸ ಕಂಪನಿಗೋಸ್ಕರ ಮನೆಮಂದಿಯೆಲ್ಲ ಸ್ಯಾನ್ ಫ್ರಾನ್ಸಿಸ್ಕೋಗೆ ಬರುತ್ತಾರೆ. ಮನೆ ಇಕ್ಕಟ್ಟು. ಮೂಲೆಯಲ್ಲಿ ಸತ್ತ ಇಲಿ. ಸಾಮಾನಿನ ಗಾಡಿ ಇನ್ನೂ ಬಂದಿಲ್ಲ. ತಿನ್ನೋಣ ಅಂದರೆ ಪಿಜ್ಜಾದ ಮೇಲೆ ಬರೀ ಬ್ರಾಕೊಲಿ.

ಇವಳ ತಲೆಯೊಳಗೆ ಐದು ಜನ ಇದ್ದಾರೆ: ಖುಷಿ, ದುಃಖ, ಸಿಟ್ಟು, ಹೆದರಿಕೆ, ಹೇಸಿಗೆ. ಎದುರಿಗೆ ಒಂದು ದೊಡ್ಡ ಗುಂಡಿಗಳ ಮೇಜು. ಯಾರು ಗುಂಡಿ ಒತ್ತುತ್ತಾರೋ ರೈಲಿ ಹಾಗೆ ಆಡುತ್ತಾಳೆ. ಪ್ರತಿ ನೆನಪೂ ಒಂದೊಂದು ಚೆಂಡು. ಖುಷಿಯದ್ದು ಹಳದಿ, ದುಃಖದ್ದು ನೀಲಿ. ಖುಷಿಯದ್ದೇ ಯಜಮಾನಿಕೆ. ದುಃಖ ಏನನ್ನೂ ಮುಟ್ಟದ ಹಾಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದು, ‘ಇದರೊಳಗೇ ನಿಂತ್ಕೋ’ ಅನ್ನುವಷ್ಟು. ಒಂದು ಗಲಾಟೆಯಲ್ಲಿ ಇವರಿಬ್ಬರೂ ಆ ಕೋಣೆಯಿಂದ ಹೊರಗೆ ಬೀಳುತ್ತಾರೆ. ಉಳಿದ ಮೂವರ ಕೈಗೆ ಮಗು ಸಿಕ್ಕರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ರೈಲಿ ಅಮ್ಮನ ಕ್ರೆಡಿಟ್ ಕಾರ್ಡ್ ಕದ್ದು, ಹಳೇ ಊರಿಗೆ ಬಸ್ ಹತ್ತುತ್ತಾಳೆ.

ಕೊನೆಗೆ ಅವಳನ್ನು ಬಸ್ಸಿನಿಂದ ಇಳಿಸುವುದು ಖುಷಿಯ ಕೈಲಿ ಆಗುವುದಿಲ್ಲ. ದುಃಖದ ಕೈಲೇ ಆಗಬೇಕಾಗುತ್ತದೆ.

ಅಯ್ಯೋ, ಕೊನೆ ಹೇಳಿಬಿಟ್ರಲ್ಲ!

ಹೌದು. ನನಗೂ ಎರಡನೇ ಸಲ ಕೊನೆ ಗೊತ್ತಿತ್ತು. ಅತ್ತಿದ್ದು ಎರಡನೇ ಸಲವೇ.

ಹಾಗಾದ್ರೆ ಇದರ ನೀತಿ ಏನು?

ಈ ಪ್ರಶ್ನೆಗೇ ನನ್ನ ತಕರಾರು. ನೀತಿ ಬೇಕಂದ್ರೆ ಕ್ಯಾಲೆಂಡರಿನ ಹಾಳೆಯಲ್ಲಿ ದಿನಕ್ಕೊಂದು ಸಿಗುತ್ತದೆ. ಸಿನಿಮಾದಲ್ಲಿ ನಾನು ಹುಡುಕುವುದು ಒಂದೇ: ಶುರುವಿನಲ್ಲಿ ಯಾರು ತಾನೇ ಸರಿ ಅಂದುಕೊಂಡಿದ್ದರು, ಮುಗಿಯುವಾಗ ಯಾರು ಸುಮ್ಮನಾದರು. ಇಲ್ಲಿ ತಪ್ಪು ಮಾಡಿ ಬದಲಾಗುವುದು ಖುಷಿ. ಅವಳು ಕೆಟ್ಟವಳೇನಲ್ಲ. ಮಗು ಯಾವಾಗಲೂ ನಗುತ್ತಿರಲಿ ಅನ್ನುವುದಷ್ಟೇ ಅವಳ ಆಸೆ. ಅಂದರೆ ನಿಮ್ಮ ಹಾಗೆ, ನನ್ನ ಹಾಗೆ. ಸಿನಿಮಾ ಪೂರ್ತಿ ರೈಲಿಯ ಹೆಸರಲ್ಲಿ ಓಡುತ್ತದೆ, ಆದರೆ ಪಾಠ ಆಗುವುದು ಅವಳನ್ನು ಸಾಕುತ್ತಿರುವವಳಿಗೆ.

ಎಲ್ಲರೂ ಆ ಗುಲಾಬಿ ಆನೆಯ ದೃಶ್ಯ ಅಂತಾರಲ್ಲ, ಅದರಲ್ಲಿ ಅಂಥದ್ದೇನಿದೆ?

ಅವನ ಹೆಸರು ಬಿಂಗ್ ಬಾಂಗ್. ರೈಲಿ ಮೂರು ವರ್ಷದವಳಿದ್ದಾಗ ಅವಳ ಕಲ್ಪನೆಯ ಗೆಳೆಯ. ಸ್ವಲ್ಪ ಆನೆ, ಸ್ವಲ್ಪ ಬೆಕ್ಕು, ಸ್ವಲ್ಪ ಡಾಲ್ಫಿನ್, ಮೈಯೆಲ್ಲ ಬಾಂಬೆ ಮಿಠಾಯಿ. ಅತ್ತರೆ ಕಣ್ಣಿಂದ ಪೆಪ್ಪರ್‌ಮೆಂಟು ಉದುರುತ್ತದೆ. ಅವನದೊಂದು ಎಳೆಯುವ ಪುಟ್ಟ ಗಾಡಿ. ಅದೇ ಅವನ ರಾಕೆಟ್. ಹಾಡು ಹೇಳಿದರೆ ಓಡುತ್ತದೆ, ರೈಲಿಯನ್ನು ಕೂರಿಸಿಕೊಂಡು ಚಂದ್ರನಿಗೆ ಹೋಗಬೇಕು ಅಂತ ಇಟ್ಟುಕೊಂಡಿರುತ್ತಾನೆ. ತಲೆಯೊಳಗೆ ಹಳೇ ಸಾಮಾನು ಖಾಲಿ ಮಾಡುವವರು ಬಂದು ಆ ಗಾಡಿಯನ್ನು ಮರೆವಿನ ಹೊಂಡಕ್ಕೆ ತಳ್ಳಿಬಿಡುತ್ತಾರೆ. ಅವನು ಕುಸಿದು ಕೂರುತ್ತಾನೆ.

ಖುಷಿಗೆ ಅವಸರ, ಗುಂಡಿಗಳ ಕೋಣೆಗೆ ವಾಪಸ್ ಹೋಗುವ ರೈಲು ಹಿಡಿಯಬೇಕು. ಅವನಿಗೆ ಕಚಗುಳಿ ಇಡುತ್ತಾಳೆ, ಮುಖ ಸೊಟ್ಟ ಮಾಡಿ ತೋರಿಸುತ್ತಾಳೆ, ಆಟ ಆಡೋಣ ಬಾ ಅನ್ನುತ್ತಾಳೆ. ಅವನು ಅಲ್ಲಾಡುವುದಿಲ್ಲ. ಆಗ ದುಃಖ ಹೋಗಿ ಪಕ್ಕದಲ್ಲಿ ಕೂರುತ್ತಾಳೆ. ನಿನಗೆ ಇಷ್ಟವಾದದ್ದನ್ನು ತಗೊಂಡು ಹೋದರಲ್ಲ, ಇನ್ನು ಅದು ಸಿಗುವುದಿಲ್ಲ ಅಲ್ವಾ ಅನ್ನುತ್ತಾಳೆ. ಖುಷಿ ಗಾಬರಿಯಾಗಿ ಬೈಯುತ್ತಾಳೆ, ಅವನನ್ನ ಇನ್ನೂ ಅಳಿಸ್ತಿದ್ದೀಯಲ್ಲ ಅಂತ. ದುಃಖ ಕೇಳಿಸಿಕೊಳ್ಳುವುದಿಲ್ಲ. ನೀವಿಬ್ಬರೂ ತುಂಬಾ ಆಡಿದ್ದಿರಬೇಕು ಅಂತ ಮಾತಿಗೆಳೆಯುತ್ತಾಳೆ. ಅವನು ಹೇಳುತ್ತಾನೆ, ಅವಳನ್ನು ತಬ್ಬಿಕೊಂಡು ಚೆನ್ನಾಗಿ ಅಳುತ್ತಾನೆ, ಆಮೇಲೆ ಕಣ್ಣೊರೆಸಿಕೊಂಡು ತಾನಾಗಿ ಎದ್ದು ‘ಬನ್ನಿ, ಸ್ಟೇಷನ್ ಈ ಕಡೆ’ ಅನ್ನುವ ಹಾಗೆ ಮುಂದೆ ಹೊರಡುತ್ತಾನೆ. ಖುಷಿ ಬೆರಗಾಗಿ ನೋಡುತ್ತಾಳೆ. ಎರಡು ನಿಮಿಷವೂ ಇಲ್ಲದ ದೃಶ್ಯ ಇದು.

ನನಗೆ ಇದು ಯಾಕೆ ತಾಕಿತು ಅಂದರೆ, ನಮ್ಮಪ್ಪ ತೀರಿಕೊಂಡಾಗ ಮನೆ ತುಂಬ ಖುಷಿಯಂಥವರೇ ಬಂದಿದ್ದರು. ‘ಪುಣ್ಯವಂತರು ಕಣಪ್ಪ, ಯಾರ ಕೈಲೂ ಮಾಡಿಸಿಕೊಳ್ಳದೆ ಹೋದರು.’ ‘ನೀನೇ ಹೀಗಾದ್ರೆ ಅಮ್ಮನ್ನ ನೋಡಿಕೊಳ್ಳೋರು ಯಾರು?’ ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದು, ತಪ್ಪು ತಿಳಿಯುವುದಿಲ್ಲ. ಅಮ್ಮ ಎಲ್ಲದಕ್ಕೂ ತಲೆ ಆಡಿಸಿ ಕಲ್ಲಿನ ಹಾಗೆ ಕೂತಿದ್ದಳು. ಮೂರನೇ ದಿನ ಸಂಜೆ ಪಕ್ಕದ ಮನೆಯ ಅಜ್ಜಿ ಬಂದರು. ಅಮ್ಮನ ಪಕ್ಕ ಗೋಡೆಗೆ ಒರಗಿ ಕೂತರು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ‘ಬೆಳಿಗ್ಗೆ ಹಾಲಿಗೆ ಹೋಗುವಾಗ ನಿಮ್ಮನೆಯವರ ಚಪ್ಪಲಿ ಸದ್ದು ಕೇಳ್ತಿತ್ತು. ಈಗ ನಂಗೂ ಬೆಳಗಾದ ಹಾಗೇ ಆಗ್ತಿಲ್ಲ ಕಣೆ’ ಅಂದರು. ಅಮ್ಮ ಅವತ್ತು ಅತ್ತಳು. ಅತ್ತು ಮುಗಿದ ಮೇಲೆ ಎರಡು ತುತ್ತು ಅನ್ನ ತಿಂದಳು. ಆ ಅಜ್ಜಿಗೆ ಪಿಕ್ಸಾರ್ ಅಂದರೆ ಏನು ಅಂತ ಗೊತ್ತಿಲ್ಲ.

ಇದೆಲ್ಲ ಫಾರಿನ್ನಿನವರ ಮಾತು. ನಮ್ಮಲ್ಲಿ ಧೈರ್ಯ ಹೇಳೋದೇ ಪದ್ಧತಿ ಅಲ್ವಾ?

ಇದು ನಮ್ಮ ಭಾವನ ಪ್ರಶ್ನೆ. ನಮ್ಮ ಹಳ್ಳಿಗಳಲ್ಲಿ ಸತ್ತವರ ಗುಣ ಒಂದೊಂದೇ ಎತ್ತಿ ಹಾಡಿ ಅಳುವ ಹೆಂಗಸರು ಇದ್ದರು, ಈಗಲೂ ಅಲ್ಲಲ್ಲಿ ಇದ್ದಾರೆ. ಅದು ಏನು ಮತ್ತೆ? ಬೇಂದ್ರೆಯವರ ಪದ್ಯ ನೆನಪು ಮಾಡಿಕೊಳ್ಳಿ. ಮಗು ಹೋದ ಮನೆ, ಗಂಡ ಹೆಂಡತಿಗೆ ಹೇಳುತ್ತಾನೆ: ನನ್ನನ್ನು ಹಾಗೆ ನೋಡಬೇಡ, ನಕ್ಕು ದುಃಖ ಮರೆಸಬೇಡ, ಬಂದ ಅಳುವನ್ನು ತುಟಿ ಕಚ್ಚಿ ತಡೆಯಬೇಡ, ಅತ್ತುಬಿಡು. ಸ್ಯಾನ್ ಫ್ರಾನ್ಸಿಸ್ಕೋದ ಆ ಮನೆಗೆ ಬೇಕಾಗಿದ್ದ ಮಾತು ಧಾರವಾಡದಲ್ಲಿ ಎಷ್ಟೋ ವರ್ಷ ಮೊದಲೇ ಬರೆದಾಗಿತ್ತು. ‘ಧೈರ್ಯ ತಂದ್ಕೋ’ ಅನ್ನುವುದೂ ನಮ್ಮದೇ, ಇದೂ ನಮ್ಮದೇ. ನಾವು ಸುಲಭದ್ದನ್ನು ಮಾತ್ರ ಇಟ್ಟುಕೊಂಡೆವು.

ಧೈರ್ಯ ಹೇಳಲೇಬಾರದು ಅಂತೇನೂ ಇಲ್ಲ. ಮೊದಲ ಮಾತೇ ಅದಾದರೆ ಎದುರಿನವರ ಬಾಯಿ ಮುಚ್ಚಿಹೋಗುತ್ತದೆ, ಅಷ್ಟೇ.

ರೈಲಿಯ ಅಪ್ಪ ಅಮ್ಮ ಮಾಡಿದ ತಪ್ಪಾದರೂ ಏನು? ಒಳ್ಳೆಯವರೇ ಅಲ್ವಾ?

ಒಳ್ಳೆಯವರೇ, ಅದಕ್ಕೇ ನೋಡುವಾಗ ಹೊಟ್ಟೆಯಲ್ಲಿ ಕಸಿವಿಸಿ. ಹೊಸ ಮನೆಗೆ ಬಂದ ರಾತ್ರಿ ಅಮ್ಮ ಮಗಳ ಹತ್ತಿರ ಬಂದು, ಅಪ್ಪನಿಗೆ ತುಂಬಾ ಒತ್ತಡ ಇದೆ, ನಾವಿಬ್ಬರೂ ನಗುನಗುತ್ತಾ ಇದ್ದರೆ ಅವರಿಗೆ ದೊಡ್ಡ ಸಹಾಯ ಅನ್ನುತ್ತಾಳೆ. ಎಷ್ಟು ಪ್ರೀತಿಯ ಮಾತು! ಹನ್ನೊಂದು ವರ್ಷದ ಮಗುವಿಗೆ ಅವತ್ತಿನಿಂದ ಅಳುವುದು ಅಪ್ಪನಿಗೆ ಮಾಡುವ ದ್ರೋಹ ಆಯಿತು. ಮುಂದೆ ಆಗುವುದೆಲ್ಲ ಅಲ್ಲಿಂದ. ಇನ್ನೊಂದು ಕಡೆ ಅಪ್ಪ ರೇಗಿ ಅವಳನ್ನು ಕೋಣೆಗೆ ಕಳಿಸಿ, ಆಮೇಲೆ ಮನಸ್ಸು ಕೇಳದೆ ಹೋಗಿ ಮಂಗನ ಹಾಗೆ ಆಡಿ ನಗಿಸಲು ನೋಡುತ್ತಾನೆ. ಅವಳು ಮುಖ ತಿರುಗಿಸುತ್ತಾಳೆ. ಏನಾಯ್ತಮ್ಮಾ ಅಂತ ಕೇಳಿ ಸುಮ್ಮನೆ ಕೂತಿದ್ದರೆ ಸಾಕಿತ್ತು.

ನಾವು ಸಾಗರದಿಂದ ಬೆಂಗಳೂರಿಗೆ ಬಂದಾಗ ಮಗಳು ಮೂರನೇ ಕ್ಲಾಸು. ದಾರಿಯುದ್ದಕ್ಕೂ ನಾನು ಹೇಳಿದ್ದೇ ಹೇಳಿದ್ದು, ಅಲ್ಲಿ ಮೆಟ್ರೋ ಇದೆ, ದೊಡ್ಡ ಪಾರ್ಕ್ ಇದೆ, ಲಿಫ್ಟ್ ಇರೋ ಮನೆ. ಅವಳು ಹೂಂ ಅಂದಳು. ಎರಡು ತಿಂಗಳಿಗೆ ಶಾಲೆಯಲ್ಲಿ ‘ನಿಮ್ಮ ಮಗು ಚೆನ್ನಾಗಿ ಅಡ್ಜಸ್ಟ್ ಆಗಿದೆ’ ಅಂದರು. ನಾನು ಬೀಗಿದೆ. ಆರು ತಿಂಗಳ ಮೇಲೆ ಪೆನ್ಸಿಲ್ ಹುಡುಕುತ್ತಾ ಅವಳ ಜಾಮಿಟ್ರಿ ಬಾಕ್ಸ್ ತೆಗೆದರೆ ಒಳಗೆ ಒಂದು ಬೀಗದ ಕೈ. ಸಾಗರದ ಬಾಡಿಗೆ ಮನೆಯ ಹಿತ್ತಿಲ ಬಾಗಿಲಿನದು. ಯಾಕೆ ಇಟ್ಟುಕೊಂಡಿದ್ದೀಯ ಅಂದೆ. ‘ಸುಮ್ನೆ’ ಅಂದಳು. ಆಗಿನ್ನೂ ನಾನು ಈ ಸಿನಿಮಾ ನೋಡಿರಲಿಲ್ಲ, ‘ಹಳೇ ಓನರ್‌ಗೆ ವಾಪಸ್ ಕೊಡಬೇಕು ಪುಟ್ಟಾ’ ಅಂತ ಇಸಕೊಂಡೆ. ಇಂದಿಗೂ ಅದು ನಮ್ಮ ಮನೆಯಲ್ಲೇ ಇದೆ, ಕೊಡಲೂ ಇಲ್ಲ.

ಸಿನಿಮಾದ ಕೊನೆಯಲ್ಲಿ ರೈಲಿ ಮನೆಗೆ ವಾಪಸ್ ಬಂದು, ನಾನು ಖುಷಿಯಾಗಿರಬೇಕು ಅಂತ ನಿಮಗಿದೆ, ಆದರೆ ನನಗೆ ಹಳೇ ಮನೆ ನೆನಪಾಗುತ್ತೆ ಅಂತ ಅಳುತ್ತಾಳೆ. ಅಪ್ಪ ಅಮ್ಮ ಉಪದೇಶ ಮಾಡುವುದಿಲ್ಲ. ನಮಗೂ ನೆನಪಾಗುತ್ತೆ ಅಂತಾರೆ. ನನ್ನ ಪ್ರಕಾರ ಸಿನಿಮಾದಲ್ಲಿ ದೊಡ್ಡವರು ಆಡುವ ಒಂದೇ ಒಂದು ಬುದ್ಧಿವಂತ ಮಾತು ಅದು.

ಐದೇ ಭಾವನೆ ಯಾಕೆ? ನಮ್ಮಲ್ಲಿ ನವರಸ ಇದೆಯಲ್ಲ.

ಒಳ್ಳೆ ಪ್ರಶ್ನೆ, ಕೇಳಿದ್ದು ಯಕ್ಷಗಾನದ ಹುಚ್ಚಿರುವ ಒಬ್ಬ ಗೆಳೆಯ. ಸಿನಿಮಾ ಮಾಡುವಾಗ ಪಾಲ್ ಎಕ್ಮನ್, ಡ್ಯಾಕರ್ ಕೆಲ್ಟ್ನರ್ ಅನ್ನುವ ಮನಶ್ಶಾಸ್ತ್ರಜ್ಞರ ಸಲಹೆ ತಗೊಂಡಿದ್ದರು. ಮುಖದಲ್ಲಿ ಕಾಣುವ ಮೂಲ ಭಾವನೆ ಆರು ಅನ್ನುವುದು ಎಕ್ಮನ್ ಅವರ ಹೆಸರಾಂತ ವಾದ. ಆರನೆಯದು ಅಚ್ಚರಿ. ಅದು ಹೆದರಿಕೆಯ ಹಾಗೇ ಕಾಣುತ್ತದೆ ಅಂತ ಸಿನಿಮಾದವರು ಕೈಬಿಟ್ಟರು. ಭರತನ ನಾಟ್ಯಶಾಸ್ತ್ರದಲ್ಲಿ ಸ್ಥಾಯಿಭಾವ ಎಂಟು: ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ. ಶಾಂತ ಆಮೇಲೆ ಸೇರಿ ರಸ ಒಂಬತ್ತಾಯಿತು. ಶೋಕ, ಕ್ರೋಧ, ಭಯ, ಜುಗುಪ್ಸೆ, ಈ ನಾಲ್ಕೂ ಸಿನಿಮಾದಲ್ಲಿ ಹಾಗೇ ಇವೆ ನೋಡಿ. ನನ್ನ ಗೆಳೆಯನಿಗೆ ವಿಸ್ಮಯ ಬಿಟ್ಟಿದ್ದು ಇನ್ನೂ ಸಿಟ್ಟು.

ಖುಷಿಯ ಜೊತೆ ದುಃಖವನ್ನೇ ಯಾಕೆ ಕಳಿಸಿದರು?

ಮೊದಲು ಕಳಿಸಿದ್ದು ಹೆದರಿಕೆಯನ್ನು! ಅವರಿಬ್ಬರನ್ನೂ ಜೋಡಿ ಮಾಡಿ ಕೆಲಸ ಬಹಳ ಮುಂದೆ ಹೋದ ಮೇಲೆ ಕಥೆ ಕೂಡುತ್ತಿಲ್ಲ ಅಂತ ನಿರ್ದೇಶಕ ಡಾಕ್ಟರ್ ಅವರಿಗೆ ಗೊತ್ತಾಯಿತು. ಒಂದು ದಿನ ನಡೆಯುತ್ತಾ ಹೋಗುವಾಗ, ಈ ಕೆಲಸ ಹೋದರೆ ನನಗೆ ಯಾವುದರ ಕೊರಗು ಜಾಸ್ತಿ ಅಂತ ಯೋಚಿಸಿದರಂತೆ. ಹೊಳೆದದ್ದು ಜೊತೆಯ ಜನ. ಅದರಲ್ಲೂ ಯಾರ ಜೊತೆ ನಕ್ಕಿದ್ದರೋ ಅವರೊಂದಿಗೇ ಜಗಳ, ಅಳು ಎಲ್ಲ ಆಗಿತ್ತು. ಹೀಗೆ ದುಃಖ ಕಥೆಯ ನಡುವೆ ಬಂದಳು. ಇದನ್ನು ತಿಳಿದು ನೋಡಿದರೆ ಹಾಕಿ ಪಂದ್ಯದ ನೆನಪಿನ ದೃಶ್ಯ ಬೇರೆಯೇ ಆಗಿ ಕಾಣುತ್ತದೆ. ತಂಡದವರು ರೈಲಿಯನ್ನು ಎತ್ತಿ ಕುಣಿಸಿದ ಹಳದಿ ನೆನಪು ಅದು. ಖುಷಿ ಆ ಚೆಂಡನ್ನು ಹಿಂದಕ್ಕೆ ಓಡಿಸಿದರೆ ಮೊದಲಿನ ಭಾಗ ನೀಲಿ: ಗೆಲ್ಲಿಸಬೇಕಾಗಿದ್ದ ಹೊಡೆತ ತಪ್ಪಿಸಿ ಹುಡುಗಿ ಮರದ ಮೇಲೆ ಒಬ್ಬಳೇ ಕೂತಿದ್ದಾಳೆ. ಅಳುವುದು ಕಂಡಿದ್ದರಿಂದಲೇ ಅಪ್ಪ ಅಮ್ಮ ಬಂದರು, ತಂಡ ಬಂತು.

ಕನ್ನಡದಲ್ಲಿ ‘ಸ್ಯಾಡ್‌ನೆಸ್’ಗೆ ಬೇಜಾರು ಅನ್ನಬಹುದಾ?

ಅನ್ನಬಹುದು, ತೊಂದರೆ ಏನಂದರೆ ನಾವು ಎಲ್ಲದಕ್ಕೂ ಬೇಜಾರು ಅಂತೀವಿ. ಟೈಮ್ ಪಾಸ್ ಆಗದಿದ್ದರೆ ಬೇಜಾರು. ಮಾತು ಚುಚ್ಚಿದರೆ ಬೇಜಾರು. ಮಳೆ ಬಂದು ಮದುವೆಗೆ ಹೋಗಲಾಗದಿದ್ದರೂ ಬೇಜಾರು. ‘ಬೇಜಾರ್ ಮಾಡ್ಕೋಬೇಡಿ’ ಅಂದರೆ ಕೆಲವೊಮ್ಮೆ ಕ್ಷಮಿಸಿ ಅಂತಲೂ ಅರ್ಥ. ಪಾರ್ಸಿಯಿಂದ ಬಂದ ಒಂದು ಪದದ ಮೇಲೆ ಎಷ್ಟು ಹೊರಿಸಿದ್ದೇವೆ! ನಮ್ಮಲ್ಲಿ ಸಂಕಟ ಇದೆ, ತಳಮಳ ಇದೆ, ಮುನಿಸು ಇದೆ, ಹಳಹಳಿ ಇದೆ. ಮಗು ‘ಬೇಜಾರು’ ಅಂದಾಗ ಯಾವ ಬೇಜಾರು ಅಂತ ಕೇಳಿ ನೋಡಿ. ನಮ್ಮ ಮನೆಯಲ್ಲಿ ಇದು ಕೆಲಸಕ್ಕೆ ಬಂದಿದೆ. ಒಂದು ಸಲ ಬಂದ ಉತ್ತರ, ‘ಹೊಟ್ಟೆ ಹಸಿದ ಬೇಜಾರು.’

ಕೊನೆಕೊನೆಗೆ ಗುಂಡಿಗಳೆಲ್ಲ ಕಪ್ಪಾಗುತ್ತವಲ್ಲ, ಅದು ಡಿಪ್ರೆಷನ್ನಾ?

ಸಿನಿಮಾ ಆ ಹೆಸರು ಹೇಳುವುದಿಲ್ಲ. ಆದರೆ ತೋರಿಸುವ ರೀತಿ ಬಹಳ ನಿಖರ. ಬಸ್ಸಿನಲ್ಲಿ ಕೂತ ರೈಲಿ ಅಳುತ್ತಿಲ್ಲ, ಸಿಟ್ಟೂ ಇಲ್ಲ. ಮೇಜು ಕಪ್ಪಾಗಿ ಯಾರು ಒತ್ತಿದರೂ ಗುಂಡಿ ಕೆಲಸ ಮಾಡುತ್ತಿಲ್ಲ. ಅಳುವವರ ಬಗ್ಗೆ ನಾವು ಹೆದರುತ್ತೇವೆ, ಆದರೆ ಏನೂ ಅನ್ನಿಸದೆ ಕೂತವರನ್ನು ‘ಪರವಾಗಿಲ್ಲ, ಸುಧಾರಿಸಿಕೊಂಡಿದ್ದಾರೆ’ ಅಂದುಬಿಡುತ್ತೇವೆ. ನಿಮ್ಮ ಮನೆಯಲ್ಲಿ ಯಾರಾದರೂ ವಾರಗಟ್ಟಲೆ ಹೀಗಿದ್ದರೆ ಸಿನಿಮಾ ತೋರಿಸುತ್ತಾ ಕೂರಬೇಡಿ. 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ, ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಿಮಗೆ ಇಷ್ಟ ಆಗದ್ದು ಏನೂ ಇಲ್ವಾ?

ಇದೆ. ಅಪ್ಪನ ತಲೆಯೊಳಗೆ ಸದಾ ಆಟದ ಮ್ಯಾಚು, ಅಮ್ಮ ಕಣ್ಣಲ್ಲೇ ಸನ್ನೆ ಮಾಡಿದರೂ ಅವನಿಗೆ ತಿಳಿಯುವುದಿಲ್ಲ. ಹಳಸಲು ಜೋಕು. ನಡುವೆ ಕಾಲು ಗಂಟೆ ಓಡಾಟ ಜಾಸ್ತಿಯಾಯಿತು ಅಂತಲೂ ಅನ್ನಿಸಿತು. ಆದರೆ ರೈಲಿನಲ್ಲಿ ನಿಜ ಸಂಗತಿಯ ಡಬ್ಬಿ, ಸ್ವಂತ ಅಭಿಪ್ರಾಯದ ಡಬ್ಬಿ ಎರಡೂ ಬಿದ್ದು ಚೀಟಿಗಳೆಲ್ಲ ಬೆರೆತುಹೋದಾಗ, ಇದು ದಿನಾ ಆಗೋದೇ ಬಿಡು ಅನ್ನುವ ಜೋಕು ಬರುತ್ತದಲ್ಲ, ಅದಕ್ಕೆ ಎಲ್ಲ ಮಾಫಿ. ನಮ್ಮ ನೆಂಟರ ವಾಟ್ಸ್‌ಆ್ಯಪ್ ಗುಂಪು ಕಣ್ಮುಂದೆ ಬಂತು.

ನೋಡಿದ ಮೇಲೆ ಮಕ್ಕಳನ್ನ ಏನು ಕೇಳಬೇಕು?

‘ಇದರಿಂದ ಏನು ಕಲಿತೆ?’ ಅಂತ ಮಾತ್ರ ಕೇಳಬೇಡಿ. ಕೇಳಿದರೆ ಪರೀಕ್ಷೆಯ ಉತ್ತರ ಬರುತ್ತದೆ. ನೀವು ಅತ್ತಿದ್ದರೆ ಯಾಕೆ ಅತ್ತಿರಿ ಅಂತ ಹೇಳಿ, ಸಾಕು. ನಾನು ಬೀಗದ ಕೈಯ ವಿಷಯ ಹೇಳಿದೆ. ಅವಳು, ಅದು ಹಿತ್ತಿಲ ಪೇರಲೆ ಮರಕ್ಕೆ ಹೋಗೋ ಬಾಗಿಲು ಅಪ್ಪಾ, ಅಂದಳು. ಆ ಮರದ ವಿಷಯ ನನಗೆ ಮರೆತೇ ಹೋಗಿತ್ತು.

ಎರಡನೇ ಭಾಗ?

2024ರಲ್ಲಿ ಬಂತು. ರೈಲಿಗೆ ಹದಿಮೂರು, ಆತಂಕ ಅನ್ನುವ ಹೊಸಬಳು ಬಂದು ಮೇಜು ಹಿಡಿಯುತ್ತಾಳೆ. ಹಣ ಮಾತ್ರ ಮೊದಲಿನದಕ್ಕಿಂತ ಎಷ್ಟೋ ಜಾಸ್ತಿ ಮಾಡಿತು. ಆಫೀಸಿನ ಮೀಟಿಂಗ್ ಹಿಂದಿನ ರಾತ್ರಿ ನಿದ್ದೆ ಬಾರದವರಿಗೆ ಹೇಳಿ ಮಾಡಿಸಿದ ಹಾಗಿದೆ. ನನಗೆ ಮೊದಲನೆಯದೇ ಹತ್ತಿರ.

ಅಮ್ಮನ ತಲೆ, ಅಪ್ಪನ ತಲೆ ತೋರಿಸುವಾಗ ಏನೋ ಗಮನಿಸಬೇಕು ಅಂತಾರಲ್ಲ?

ಹೌದು, ಊಟದ ಮೇಜಿನ ದೃಶ್ಯ. ರೈಲಿಯ ತಲೆಯಲ್ಲಿ ಯಜಮಾನಿಕೆ ಖುಷಿಯದ್ದು. ಅಮ್ಮನ ತಲೆಯಲ್ಲಿ ನಡುವೆ ಕೂತಿರುವವಳು ದುಃಖ, ಅಪ್ಪನದ್ದರಲ್ಲಿ ಸಿಟ್ಟು. ಸಿನಿಮಾ ಇದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ಆ ಅಮ್ಮನ ದುಃಖ ಗೋಳಾಡುವುದಿಲ್ಲ, ಸಮಾಧಾನವಾಗಿ ಉಳಿದವರನ್ನೆಲ್ಲ ನಡೆಸಿಕೊಂಡು ಹೋಗುತ್ತದೆ. ಹಾಗೆ ನೋಡಿದರೆ ಅದು ಮರುಕ ಅನ್ನಬಹುದೇನೋ.

ಕಳೆದ ಸಲ ನೋಡುವಾಗ ಇಲ್ಲಿ ನಿಲ್ಲಿಸಿ ಮಗಳನ್ನು ಕೇಳಿದೆ, ನನ್ನ ತಲೆಯಲ್ಲಿ ನಡುವೆ ಯಾರು ಕೂತಿರಬಹುದು ಹೇಳು ಅಂತ. ಸಿಟ್ಟು ಅಂತಾಳೆ ಅಂದುಕೊಂಡು ಉತ್ತರ ರೆಡಿ ಮಾಡಿಕೊಂಡಿದ್ದೆ. ಅವಳು ಸ್ವಲ್ಪ ಯೋಚಿಸಿ, ‘ನಿನ್ನ ಮ್ಯಾನೇಜರ್’ ಅಂದಳು. ಅಡುಗೆಮನೆಯಿಂದ ಅವರಮ್ಮ ನಗುವುದು ಕೇಳಿಸಿತು.